ವೈವಾದಲ್ಲಿ ಸಿಕ್ಕಿಬಿದ್ದೆ: ಸಿಮ್ಯುಲೇಶನ್ ಸರಿ ಇದೆ ಅಂತ ತೋರಿಸೋದು ಹೇಗೆ?

ಚುಕ್ಕಿ_ಓಟ
ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ, ಅಪ್ಲೈಡ್ ಮ್ಯಾಥ್ಸ್. ಪ್ರಾಜೆಕ್ಟಿಗೆ ಸಾಂಕ್ರಾಮಿಕ ರೋಗ ಹರಡುವ ಸಿಮ್ಯುಲೇಶನ್ ಮಾಡಿದ್ದೇನೆ. ಒಂದು ಚೌಕದೊಳಗೆ 500 ಚುಕ್ಕಿಗಳು ಓಡಾಡುತ್ತವೆ. ಒಂದು ಚುಕ್ಕಿಗೆ ರೋಗ ಕೊಟ್ಟು ಬಿಡುತ್ತೇನೆ, ಹತ್ತಿರ ಬಂದ ಚುಕ್ಕಿಗೆ ಅಂಟುತ್ತದೆ. ಎಲ್ಲರೂ ಚೆನ್ನಾಗಿ ಬೆರೆತರೆ ಒಬ್ಬ ರೋಗಿ ದಿನಕ್ಕೆ ಸರಾಸರಿ 0.4 ಜನರಿಗೆ ಅಂಟಿಸಬೇಕು, ಹಾಗೆ ದೂರ ಹೊಂದಿಸಿದ್ದೇನೆ. ರೋಗಿ ಗುಣವಾಗುವ ಸಂಭವ ದಿನಕ್ಕೆ 0.1. ಕೆಂಪು, ನೀಲಿ, ಬೂದು ಬಣ್ಣದ ಅನಿಮೇಶನ್ ಇದೆ. ನೋಡಿದವರೆಲ್ಲ ಸೂಪರ್ ಅಂದಿದ್ದರು.

ಮೊನ್ನೆ ರಿವ್ಯೂನಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಎರಡು ನಿಮಿಷ ನೋಡಿ ಕೇಳಿದರು: 'ಚೆನ್ನಾಗಿದೆಯಮ್ಮ. ಇದು ಸರಿ ಅಂತ ನಿನಗೆ ಹೇಗೆ ಗೊತ್ತು?' ನೂರು ಸಲ ಓಡಿಸಿದ್ದೇನೆ, ಸರಾಸರಿ ನೂರಕ್ಕೆ 60 ಜನರಿಗೆ ರೋಗ ಬಂತು ಅಂದೆ. 'ಸರಿ, 60 ಯಾಕೆ? 80 ಯಾಕಲ್ಲ?' ಅಂದರು. ಬಾಯಿ ಕಟ್ಟಿಹೋಯಿತು.

ಬೇರೆ ವಿಭಾಗದ ಗೆಳೆಯರನ್ನು ಕೇಳಿದೆ. ಸಿವಿಲ್‌ನವರು, ಕೆಮಿಸ್ಟ್ರಿಯವರು, ಮ್ಯಾನೇಜ್‌ಮೆಂಟಿನವರು ಎಲ್ಲರ ಹತ್ತಿರವೂ ಒಂದೊಂದು ಸಿಮ್ಯುಲೇಶನ್ ಇದೆ. ಈ ಪ್ರಶ್ನೆಗೆ ಉತ್ತರ ಯಾರ ಹತ್ತಿರವೂ ಇಲ್ಲ. ನಿಮ್ಮ ನಿಮ್ಮ ಕ್ಷೇತ್ರದಲ್ಲಿ ಏನು ಮಾಡುತ್ತೀರಿ? ಫೈನಲ್ ವೈವಾಗೆ ಐದು ವಾರ ಇದೆ.

ಬಣ್ಣದ_ಚಿತ್ರ
ಬೇಜಾರು ಮಾಡಿಕೊಳ್ಳಬೇಡಿ, ಆದರೆ ವಿದ್ಯಾರ್ಥಿಗಳ ಸಿಮ್ಯುಲೇಶನ್ ಅಂದರೆ ಬಹುಪಾಲು ಇಷ್ಟೇ. ಸಾಫ್ಟ್‌ವೇರ್ ತೆರೆಯೋದು, ಯಾವುದೋ ವಿಡಿಯೊ ನೋಡಿ ಅದೇ ಬಟನ್ ಒತ್ತೋದು, ಕೆಂಪು ನೀಲಿ ಚಿತ್ರ ತೆಗೆದು ರಿಪೋರ್ಟಿಗೆ ಹಾಕೋದು. ನಾನೂ ಅದನ್ನೇ ಮಾಡಿ ಪಾಸಾದವನು. ಪರೀಕ್ಷಕರು ಕೇಳಿದರಲ್ಲ, ಅದೇ ದೊಡ್ಡದು. ನನ್ನನ್ನು ಯಾರೂ ಕೇಳಲೇ ಇಲ್ಲ.

ಸೇತುವೆಯವಳು
@ಬಣ್ಣದ_ಚಿತ್ರ ಕೇಳದೆ ಬಿಟ್ಟರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮ ಸ್ಟ್ರಕ್ಚರ್ಸ್ ಕ್ಲಾಸಿನಲ್ಲಿ ಹೇಳುವ ಕಥೆ ಒಂದಿದೆ. ನಾರ್ವೆಯಲ್ಲಿ ಸ್ಲೈಪ್ನರ್ ಎ ಅಂತ ಸಮುದ್ರದ ತೈಲ ವೇದಿಕೆ. 1991ರ ಆಗಸ್ಟ್ 23ರಂದು ಅದರ ಕಾಂಕ್ರೀಟ್ ತಳವನ್ನು ಪರೀಕ್ಷೆಗೆಂದು ನೀರಿನಲ್ಲಿ ಇಳಿಸುತ್ತಿದ್ದರು. ಒಂದು ಗೋಡೆ ಬಿರುಕು ಬಿಟ್ಟು ನೀರು ನುಗ್ಗಿತು, ಇಡೀ ತಳ ಮುಳುಗಿತು. ನಷ್ಟ ಸುಮಾರು 70 ಕೋಟಿ ಡಾಲರ್.

ಕಾರಣ ಹುಡುಕಿದರೆ ಕಂಪ್ಯೂಟರ್ ಲೆಕ್ಕದಲ್ಲೇ ಎಡವಟ್ಟು. ಲೆಕ್ಕಕ್ಕೆಂದು ರಚನೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಕತ್ತರಿಸುವ ಬಲೆಗೆ ಮೆಶ್ ಅಂತಾರೆ. ಗೋಡೆಗಳು ಸೇರುವ ಮೂಲೆಯಲ್ಲಿ ಆ ಮೆಶ್ ಒರಟಾಗಿತ್ತು. ಅಲ್ಲಿನ ಶಿಯರ್ ಒತ್ತಡವನ್ನು (ಕತ್ತರಿಯ ಹಾಗೆ ಅಡ್ಡ ಸೀಳುವ ಒತ್ತಡ) ಪ್ರೋಗ್ರಾಂ ಸುಮಾರು 47% ಕಡಿಮೆ ತೋರಿಸಿತ್ತು. ಗೋಡೆ ಅದಕ್ಕೆ ತಕ್ಕಂತೆ ತೆಳುವಾಯಿತು, ಒಳಗಿನ ಸರಳೂ ಸಾಲದೆ ಹೋಯಿತು. ಆಮೇಲೆ ಜಾಗ್ರತೆಯಿಂದ ಲೆಕ್ಕ ಹಾಕಿದಾಗ 62 ಮೀಟರ್ ಆಳದಲ್ಲಿ ಒಡೆಯಬೇಕು ಅಂತ ಬಂತು. ನಿಜವಾಗಿ ಒಡೆದದ್ದು 65 ಮೀಟರ್‌ನಲ್ಲಿ. ನನಗೆ ಆ ಮೂರು ಮೀಟರ್ ತುಂಬಾ ಇಷ್ಟ. ಅಷ್ಟು ಹತ್ತಿರ ಹೇಳುವ ಶಕ್ತಿ ಆ ವಿಧಾನಕ್ಕೆ ಮೊದಲಿನಿಂದಲೂ ಇತ್ತು!

ಹಾಗಾಗಿ ನಮ್ಮಲ್ಲಿ ನಿಯಮ ಸರಳ. ಮೆಶ್‌ನ ತುಂಡುಗಳ ಗಾತ್ರ ಅರ್ಧ ಮಾಡು, ಮತ್ತೆ ಓಡಿಸು. ಉತ್ತರ ಬದಲಾಯಿತಾ? ಮತ್ತೆ ಅರ್ಧ ಮಾಡು. ಬದಲಾಗೋದು ನಿಲ್ಲುವವರೆಗೆ ರಿಪೋರ್ಟ್ ಬರೆಯಬೇಡ. ನನ್ನ ಪ್ರಾಜೆಕ್ಟಿನಲ್ಲಿ ಒಂದು ಒಳಮೂಲೆಯಲ್ಲಿ ಒತ್ತಡ ನಿಲ್ಲಲೇ ಇಲ್ಲ, ಏರುತ್ತಲೇ ಹೋಯಿತು. ವಾರ ಪೂರ್ತಿ ತಲೆ ಕೆಡಿಸಿಕೊಂಡೆ. ಆಮೇಲೆ ಗೊತ್ತಾಯಿತು, ಚೂಪಾದ ಒಳಮೂಲೆಯಲ್ಲಿ ಸಮೀಕರಣದ ಉತ್ತರವೇ ಅನಂತ. ನಿಜವಾದ ಭಾಗದಲ್ಲಿ ಅಲ್ಲಿ ಸಣ್ಣ ದುಂಡು ಇರುತ್ತದೆ. ನಾನು ಚಿತ್ರ ಬಿಡಿಸುವಾಗ ಸೋಮಾರಿತನಕ್ಕೆ ಅದನ್ನು ಬಿಟ್ಟಿದ್ದೆ.

ಹಳೇ_ಮೇಷ್ಟ್ರು
@ಚುಕ್ಕಿ_ಓಟ ನಿಮ್ಮ ಪರೀಕ್ಷಕರು ಒಳ್ಳೆಯವರು ಕಣಮ್ಮಾ. ಅವರ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆ ಇವೆ. ಮೊದಲನೆಯದು, ನೀವು ಅಂದುಕೊಂಡ ಮಾಡೆಲ್ಲನ್ನೇ ಕೋಡ್ ಓಡಿಸುತ್ತಿದೆಯಾ? ಎರಡನೆಯದು, ಆ ಮಾಡೆಲ್ ಲೋಕಕ್ಕೆ ಹೊಂದುತ್ತದೆಯಾ? ವಿದ್ಯಾರ್ಥಿಗಳು ಎರಡನೆಯದಕ್ಕೆ ಹಾರಿಬಿಡುತ್ತಾರೆ. ಮೊದಲನೆಯದು ಪಕ್ಕಾ ಆಗುವ ತನಕ ಎರಡನೆಯದರ ಮಾತೇ ಬೇಡ.

ನಿಮಗೆ ಒಂದು ಅದೃಷ್ಟ ಇದೆ. ನಿಮ್ಮ ಮಾಡೆಲ್‌ಗೆ ಪೇಪರ್ ಮೇಲೆ ಉತ್ತರ ಸಿಗುವ ಒಬ್ಬ ಅಣ್ಣ ಇದ್ದಾನೆ. ಕರ್ಮ್ಯಾಕ್ ಮತ್ತು ಮೆಕೆಂಡ್ರಿಕ್ 1927ರಲ್ಲಿ ಬರೆದದ್ದು. ಎಲ್ಲರೂ ಎಲ್ಲರ ಜೊತೆ ಬೆರೆಯುತ್ತಾರೆ ಅಂದುಕೊಂಡರೆ, ನಿಮ್ಮ 0.4ನ್ನು 0.1ರಿಂದ ಭಾಗಿಸಿ. 4 ಬಂತಲ್ವಾ? ಒಬ್ಬ ರೋಗಿ ಒಟ್ಟು 4 ಜನಕ್ಕೆ ಅಂಟಿಸುತ್ತಾನೆ. ಆರ್-ನಾಟ್ ಅನ್ನೋದು ಇದೇ. ಆರ್-ನಾಟ್ 4 ಇದ್ದರೆ ಕೊನೆಗೆ ನೂರಕ್ಕೆ 98 ಜನರಿಗೆ ರೋಗ ಬರಬೇಕು. ನಿಮಗೆ 60 ಬಂದಿದೆ. ಮಧ್ಯದ 38 ಎಲ್ಲಿ ಹೋಯಿತು?

ಮೂರು ಜಾಗದಲ್ಲಿ ಹೋಗಿರಬಹುದು. ಕೋಡಿನಲ್ಲಿ ತಪ್ಪು. ಅಥವಾ ಚುಕ್ಕಿಗಳು ಬೆರೆಯೋದು ಸಾಲದು, ರೋಗಿಯ ಅಕ್ಕಪಕ್ಕ ಇರುವವರೆಲ್ಲ ಆಗಲೇ ರೋಗ ಬಂದು ಹೋದವರು. ಅಥವಾ ನಿಮ್ಮ ಸರಾಸರಿಯೇ ಮೋಸ. ಮೊದಲು ಮೂರನೆಯದನ್ನು ನೋಡಿ, ಅದು ಐದು ನಿಮಿಷದ ಕೆಲಸ. ನೂರು ಓಟದ ಸರಾಸರಿ ಬಿಡಿ, ಹಿಸ್ಟೋಗ್ರಾಮ್ ಹಾಕಿ, ಅಂದರೆ ಯಾವ ಉತ್ತರ ಎಷ್ಟು ಓಟದಲ್ಲಿ ಬಂತು ಅನ್ನುವ ಕಂಬಗಳ ಚಿತ್ರ.

ಚುಕ್ಕಿ_ಓಟ
ಸರ್, ಹಾಕಿದೆ. ನನಗೆ ನಾಚಿಕೆ ಆಗ್ತಿದೆ. 60ರ ಹತ್ತಿರ ಒಂದೂ ಓಟ ಇಲ್ಲ!! 34 ಓಟದಲ್ಲಿ ನಾಲ್ಕೈದು ಜನಕ್ಕೆ ಬಂದು ರೋಗ ಆರಿಹೋಗಿದೆ. ಉಳಿದ 66ರಲ್ಲಿ ಸರಾಸರಿ 91%. ಮಧ್ಯ ಪೂರ್ತಿ ಖಾಲಿ.

ಹಳೇ_ಮೇಷ್ಟ್ರು
ಅಲ್ವಾ? ಒಂದೇ ರೋಗಿಯಿಂದ ಶುರು ಮಾಡಿದರೆ ಅವನು ಯಾರಿಗೂ ಅಂಟಿಸದೆ ಗುಣವಾಗಬಹುದು. ಪೇಪರ್ ಲೆಕ್ಕದಲ್ಲಿ ಹಾಗೆ ಆರುವ ಸಂಭವ ಆರ್-ನಾಟ್‌ನ ತಲೆಕೆಳಗು, ಅಂದರೆ ನಿಮಗೆ ನಾಲ್ಕರಲ್ಲಿ ಒಂದು. ದಿನ ದಿನಕ್ಕೆ ಹೆಜ್ಜೆ ಇಡುವ ಕೋಡಿನಲ್ಲಿ ಇನ್ನೂ ಸ್ವಲ್ಪ ಕಡಿಮೆ. 34 ಜಾಸ್ತಿ ಆಯಿತು, ಅದನ್ನು ಮನಸ್ಸಿನಲ್ಲಿಡಿ.

ಈಗ ಮುಂದಿನ ಪರೀಕ್ಷೆ. ಪ್ರತಿ ದಿನ ಎಲ್ಲ ಚುಕ್ಕಿಗಳನ್ನೂ ಎತ್ತಿ ಚೌಕದಲ್ಲಿ ಎಲ್ಲೆಂದರಲ್ಲಿ ಎಸೆಯಿರಿ. ಓಡಾಟ ಬೇಡ. ಆಗ ಬೆರೆಯೋದು ಪೂರ್ತಿ ಆಗುತ್ತದೆ. ಆರದೆ ಉಳಿದ ಓಟಗಳಲ್ಲಿ 98 ಬರಲೇಬೇಕು.

ಸಾಲಿನಲ್ಲಿ_ನಿಂತವ
ಮೇಷ್ಟ್ರು ಹೇಳಿದ್ದು ನಮ್ಮ ಕ್ಯೂ ಮಾಡೆಲ್‌ಗೂ ಅಷ್ಟೇ ನಿಜ. ನಾನು ಆಸ್ಪತ್ರೆಯ ನೋಂದಣಿ ಕೌಂಟರ್ ಸಿಮ್ಯುಲೇಟ್ ಮಾಡಿದ್ದೆ, ಪೈಥಾನಿನ ಸಿಮ್‌ಪೈ ಬಳಸಿ. ಗಂಟೆಗೆ 9 ಜನ ಬರುತ್ತಾರೆ, ಕೌಂಟರ್ ಗಂಟೆಗೆ 10 ಜನರನ್ನು ಮುಗಿಸಬಲ್ಲದು. ಆಗಮನವೂ ಸೇವೆಯೂ ರ‍್ಯಾಂಡಮ್. ಬಿಡುವಾಗಿದೆ ಅನ್ನಿಸುತ್ತದೆ ಅಲ್ವಾ? ಸೂತ್ರ ಹಾಕಿದರೆ 1 ಭಾಗಿಸು (10 ಕಳೆ 9). ಒಬ್ಬೊಬ್ಬರೂ ಒಳಗೆ ಬಂದು ಹೊರಗೆ ಹೋಗಲು ಸರಾಸರಿ ಒಂದು ಗಂಟೆ! ಗಂಟೆಗೆ 8 ಜನ ಬಂದರೆ ಅರ್ಧ ಗಂಟೆ. ಒಬ್ಬ ಕಡಿಮೆಯಾದರೆ ಕಾಯುವುದು ಅರ್ಧ. ಈ ಗಣಿತ ಹೊಸದೂ ಅಲ್ಲ. ಡೆನ್ಮಾರ್ಕಿನ ಎರ್ಲಾಂಗ್ 1909ರಲ್ಲೇ ಟೆಲಿಫೋನ್ ಕರೆಗಳ ಮೇಲೆ ಇದನ್ನು ಶುರು ಮಾಡಿದ್ದರು.

ನನ್ನ ಸಿಮ್ಯುಲೇಶನ್ನಿನಲ್ಲಿ ಮಾತ್ರ ಒಂದು ಗಂಟೆ ಬರಲಿಲ್ಲ. ಅದಕ್ಕಿಂತ ಎಷ್ಟೋ ಕಡಿಮೆ ಬರುತ್ತಿತ್ತು. ಕೋಡ್ ಹತ್ತು ಸಲ ಓದಿದೆ, ತಪ್ಪಿಲ್ಲ. ಕೊನೆಗೆ ಸೀನಿಯರ್ ಒಬ್ಬಳು ಕೇಳಿದಳು: 'ಎಷ್ಟು ಹೊತ್ತು ಓಡಿಸ್ತೀಯಾ?' ಎಂಟು ಗಂಟೆ ಅಂದೆ. ಬೆಳಿಗ್ಗೆ ಸಾಲು ಖಾಲಿ ಇರುತ್ತದೆ. ಈ ಸಾಲು ತನ್ನ ಸಹಜ ಉದ್ದಕ್ಕೆ ಬೆಳೆದು ನಿಲ್ಲಲು ಎಂಟು ಗಂಟೆ ಏನೂ ಸಾಲದು, ದಿನಗಟ್ಟಲೆ ಬೇಕು. ಸಾವಿರಾರು ಗಂಟೆ ಓಡಿಸಿ, ಮೊದಲ ಭಾಗ ಬಿಸಾಕಿ, ಆಮೇಲೆ ಅಳೆದೆ. ಒಂದು ಗಂಟೆ ಬಂತು.

ತಮಾಷೆ ಇಲ್ಲಿಗೆ ಮುಗಿಯಲಿಲ್ಲ. ನಿಜವಾದ ಕೌಂಟರ್ ದಿನಾ ಬೆಳಿಗ್ಗೆ ಖಾಲಿಯಾಗಿಯೇ ತೆರೆಯುತ್ತದೆ, ಸಂಜೆ ಮುಚ್ಚುತ್ತದೆ. ಹಾಗಾದರೆ ಆಸ್ಪತ್ರೆಗೆ ಬೇಕಾದ ಉತ್ತರ ನನ್ನ ಎಂಟು ಗಂಟೆಯದ್ದೇ, ಸೂತ್ರದ್ದಲ್ಲ! ಸೂತ್ರ ಬೇಕಾಗಿದ್ದು ಕೋಡ್ ಸರಿ ಇದೆಯಾ ಅಂತ ನೋಡೋಕೆ ಮಾತ್ರ. ಇದನ್ನು ರಿಪೋರ್ಟಿನಲ್ಲಿ ಎರಡು ಪುಟ ಬರೆದೆ. ವೈವಾದಲ್ಲಿ ಕೇಳಿದ್ದೆಲ್ಲ ಆ ಎರಡು ಪುಟದಿಂದಲೇ.

ಫೆಮ್ಟೋ
ಕೆಮಿಸ್ಟ್ರಿ ಕಡೆಯಿಂದ. ನಮ್ಮಲ್ಲಿ ಅಣುಗಳ ಓಟ, ಮಾಲಿಕ್ಯುಲರ್ ಡೈನಾಮಿಕ್ಸ್. ಹೊರಗಿನಿಂದ ಏನೂ ಸೇರದಿದ್ದರೆ ಒಟ್ಟು ಶಕ್ತಿ ಬದಲಾಗಬಾರದು, ನಮ್ಮ ಪರೀಕ್ಷೆ ಅದೇ. ನೀರಿನ ಅಣುವಿನಲ್ಲಿ ಆಕ್ಸಿಜನ್-ಹೈಡ್ರೋಜನ್ ಬಂಧ ಸುಮಾರು 10 ಫೆಮ್ಟೋಸೆಕೆಂಡಿಗೆ ಒಂದು ಸಲ ತೂಗುತ್ತದೆ (ಸೆಕೆಂಡನ್ನು ಹತ್ತು ಕೋಟಿ ಭಾಗ ಮಾಡಿ, ಅದರಲ್ಲಿ ಒಂದನ್ನು ಮತ್ತೆ ಕೋಟಿ ಭಾಗ ಮಾಡಿದರೆ ಒಂದು ಫೆಮ್ಟೋಸೆಕೆಂಡ್). ಹಾಗಾಗಿ ಲೆಕ್ಕದಲ್ಲಿ ಸಮಯದ ಒಂದೊಂದು ಹೆಜ್ಜೆ 1 ಫೆಮ್ಟೋಸೆಕೆಂಡ್ ಇಡಬೇಕು. ನಾನು ಬೇಗ ಮುಗಿಯಲಿ ಅಂತ 5 ಇಟ್ಟೆ. ಊಟ ಮುಗಿಸಿ ಬಂದು ನೋಡಿದರೆ ಅಣುಗಳೆಲ್ಲ ಡಬ್ಬದಿಂದ ಸಿಡಿದುಹೋಗಿದ್ದವು. ಸಿಡಿದರೆ ಒಳ್ಳೆಯದು, ಗೊತ್ತಾಗುತ್ತದೆ. ಶಕ್ತಿ ಮೆಲ್ಲಗೆ ಏರುವ ಕೇಸಿದೆಯಲ್ಲ, ಅದು ಅಪಾಯ. ಚಿತ್ರ ಚೆನ್ನಾಗಿಯೇ ಇರುತ್ತದೆ.

ಟ್ರಾಫಿಕ್_ತಲೆನೋವು
ನನ್ನದು ರಸ್ತೆ. ನಾಗೆಲ್ ಮತ್ತು ಶ್ರೆಕೆನ್‌ಬರ್ಗ್ ಅವರ 1992ರ ಮಾಡೆಲ್. ಯಾವ ವಿಭಾಗದವರಾದರೂ ಒಂದು ಸಂಜೆಯಲ್ಲಿ ಬರೆಯಬಹುದು. ರಸ್ತೆಯನ್ನು 7.5 ಮೀಟರ್ ಮನೆಗಳಾಗಿ ಕತ್ತರಿಸಿ. ಪ್ರತಿ ಸೆಕೆಂಡಿಗೆ ಪ್ರತಿ ಕಾರು ವೇಗ ಒಂದು ಹೆಚ್ಚಿಸುತ್ತದೆ, ಗರಿಷ್ಠ 5. ಮುಂದಿನ ಕಾರು ಹತ್ತಿರ ಇದ್ದರೆ ಅಷ್ಟಕ್ಕೆ ಇಳಿಸುತ್ತದೆ. ಆಮೇಲೆ ಒಮ್ಮೊಮ್ಮೆ ಸುಮ್ನೆ, ಕಾರಣ ಇಲ್ಲದೆ, ವೇಗ ಒಂದು ಕಡಿಮೆ ಮಾಡುತ್ತದೆ. ಕೊನೆಗೆ ಆ ವೇಗದಷ್ಟು ಮನೆ ಮುಂದೆ ಹೋಗುತ್ತದೆ. ಅಷ್ಟೇ.

ಅಪಘಾತ ಇಲ್ಲ, ಸಿಗ್ನಲ್ ಇಲ್ಲ, ಆದರೂ ಜಾಮ್ ಹುಟ್ಟುತ್ತದೆ. ಕಾರುಗಳು ಮುಂದಕ್ಕೆ ಹೋದರೆ ಜಾಮ್ ಹಿಂದಕ್ಕೆ ಹರಿಯುತ್ತದೆ. ಆ 'ಸುಮ್ನೆ' ನಿಯಮ ತೆಗೆದು ನೋಡಿ, ರಸ್ತೆಯಲ್ಲಿ ಕಾರುಗಳು ವಿರಳವಾಗಿರುವ ತನಕ ಜಾಮ್ ಮಾಯ. ಒಂದು ಮಾಡೆಲ್ ಅರ್ಥವಾಗಬೇಕಾದರೆ ಹೀಗೆ ಒಂದೊಂದೇ ನಿಯಮ ಕಿತ್ತು ನೋಡಬೇಕು. ಲೋಕದ ಜೊತೆ ಹೋಲಿಸಲೂ ಜಾಗ ಇದೆ. ಜಪಾನಿನಲ್ಲಿ ವೃತ್ತಾಕಾರದ 230 ಮೀಟರ್ ಹಾದಿಯಲ್ಲಿ 22 ಕಾರು ಓಡಿಸಿದರು, ಎಲ್ಲರೂ ಒಂದೇ ವೇಗ ಇಟ್ಟುಕೊಳ್ಳಿ ಅಂತ ಹೇಳಿ. ಸ್ವಲ್ಪ ಹೊತ್ತಿಗೆ ತಾನಾಗೇ ಜಾಮ್ ಆಯಿತು, ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಸರಿಯಿತು. 2008ರಲ್ಲಿ ಪ್ರಕಟವಾಯಿತು.

ಹೆಜ್ಜೆಗುರುತು
ಲೋಕದ ಜೊತೆ ಹೋಲಿಸಿ ಅಂತ ಹೇಳೋದು ಸುಲಭ. ನಾನು ಪ್ರಾಣಿಶಾಸ್ತ್ರ. ಬೇಟೆಗಾರ ಪ್ರಾಣಿ ಮತ್ತು ಬೇಟೆ, ಲೋಟ್ಕಾ-ವೋಲ್ಟೆರಾ ಮಾಡೆಲ್. ಎಲ್ಲರೂ ಹೋಲಿಸುವ ಡೇಟಾ ಒಂದೇ, ಕೆನಡಾದ ಲಿಂಕ್ಸ್ (ಒಂದು ಬಗೆಯ ಕಾಡುಬೆಕ್ಕು) ಮತ್ತು ಮೊಲದ್ದು. ಸುಮಾರು ಹತ್ತು ವರ್ಷಕ್ಕೊಮ್ಮೆ ಏರಿ ಇಳಿಯುವ ಅಲೆ. ಮಾಡೆಲ್ಲಿನ ಗ್ರಾಫ್ ಪಕ್ಕ ಇಟ್ಟರೆ ಅಣ್ಣ-ತಮ್ಮನ ಹಾಗೆ ಕಾಣುತ್ತದೆ, ಪೂರ್ತಿ ಅಂಕ.

ಆದರೆ ಅದು ಪ್ರಾಣಿಗಳ ಎಣಿಕೆ ಅಲ್ಲವೇ ಅಲ್ಲ! ತೊಗಲಿನ ವ್ಯಾಪಾರ ಮಾಡುತ್ತಿದ್ದ ಹಡ್ಸನ್ಸ್ ಬೇ ಕಂಪನಿ ಕೊಂಡ ತೊಗಲಿನ ಲೆಕ್ಕ. ಬೇಟೆಗಾರರು ಎಷ್ಟು ಬೋನು ಇಟ್ಟರು, ಆ ವರ್ಷ ತೊಗಲಿಗೆ ಬೇಡಿಕೆ ಹೇಗಿತ್ತು, ಎಲ್ಲ ಅದರೊಳಗೆ ಸೇರಿಕೊಂಡಿದೆ. ನಾನು ಇದನ್ನು ಸೆಮಿನಾರಿನಲ್ಲಿ ಹೇಳಿದಾಗ, ಹಾಗಾದರೆ ಹೊಂದಿಕೆ ಆಗಿದ್ದು ಹೇಗೆ ಅಂತ ಕೇಳಿದರು. ಅಲೆ ಎಬ್ಬಿಸುವ ಮಾಡೆಲ್ ಬೇಕಾದಷ್ಟಿವೆ, ಮಾಡೆಲ್ಲಿಗೆ ನಾವು ಕೊಡುವ ಅಂಕಿಗಳನ್ನು ಬದಲಿಸುತ್ತಾ ಹೋದರೆ ಯಾವುದನ್ನಾದರೂ ಕೂರಿಸಬಹುದು ಅಂದೆ. ಕೇಳಿದವರಿಗೆ ಖುಷಿ ಆಗಲಿಲ್ಲ.

ಬಣ್ಣದ_ಚಿತ್ರ
ಹಾಗಾದರೆ ಡೇಟಾ ಇಲ್ಲದ ಮಾಡೆಲ್‌ಗಳೆಲ್ಲ ವೇಸ್ಟಾ? ನನ್ನ ತಂಗಿ ಸಮಾಜಶಾಸ್ತ್ರ ಓದುತ್ತಿದ್ದಾಳೆ. ನೆಟ್‌ಲೋಗೋ ಅನ್ನುವ ಸಿಮ್ಯುಲೇಶನ್ ಸಾಫ್ಟ್‌ವೇರಿನಲ್ಲಿ ಶೆಲ್ಲಿಂಗ್ ಮಾಡೆಲ್ ಆಡಿಸುತ್ತಾ ಕೂತಿರುತ್ತಾಳೆ. ಅದಕ್ಕೆ ಎಲ್ಲಿಂದ ಡೇಟಾ ತರೋದು?

ಹೆಜ್ಜೆಗುರುತು
ವೇಸ್ಟ್ ಅಂತ ನಾನೆಲ್ಲಿ ಹೇಳಿದೆ? ಶೆಲ್ಲಿಂಗ್ 1971ರಲ್ಲಿ ತೋರಿಸಿದ್ದು ಒಂದೇ ಸಂಗತಿ. ನೆರೆಯವರಲ್ಲಿ ಮೂರನೇ ಒಂದು ಭಾಗ ತನ್ನವರಿದ್ದರೆ ಸಾಕು ಅನ್ನುವಷ್ಟು ಉದಾರಿಗಳೇ ಎಲ್ಲರೂ ಆದರೂ ಊರು ಬೇರೆ ಬೇರೆ ಗುಂಪಾಗಿ ಒಡೆಯಬಹುದು. ಅವರು ಶುರು ಮಾಡಿದ್ದು ಹಾಳೆ ಮೇಲೆ ನಾಣ್ಯ ಸರಿಸಿ, ಕಂಪ್ಯೂಟರ್ ಕೂಡ ಇಲ್ಲ. 'ಹೀಗೂ ಆಗಬಹುದು' ಅಂತ ತೋರಿಸಲು ಡೇಟಾ ಬೇಡ. 'ಈ ಊರಿನಲ್ಲಿ ಹೀಗೇ ಆಯಿತು' ಅನ್ನಬೇಕಾದರೆ ಬೇಕು. ತಂಗಿ ರಿಪೋರ್ಟಿನಲ್ಲಿ ಯಾವುದನ್ನು ಹೇಳುತ್ತಿದ್ದಾಳೆ ಕೇಳಿ.

ಚುಕ್ಕಿ_ಓಟ
ಮೇಷ್ಟ್ರೇ, ಎಸೆಯುವ ಪರೀಕ್ಷೆ ಮುಗೀತು. 300 ಓಟ. ಆರದೆ ಉಳಿದವುಗಳ ಸರಾಸರಿ 97 ಬಂತು, ನೀವು 98 ಅಂದಿದ್ದಿರಿ. ಒಂದು ಪರ್ಸೆಂಟ್ ತಾನೇ, ರ‍್ಯಾಂಡಮ್ ಅಂತ ಬಿಟ್ಟುಬಿಡಲಾ?

ಹಳೇ_ಮೇಷ್ಟ್ರು
ಬಿಡಬೇಡಿ. ಒಂದು ಓಟದಲ್ಲಿ ಒಂದು ಪರ್ಸೆಂಟ್ ಆಚೀಚೆ ಆದರೆ ಕೇಳುವವರಿಲ್ಲ. ಇಷ್ಟೊಂದು ಓಟದ ಸರಾಸರಿ ಅಷ್ಟು ಅಲುಗಾಡಬಾರದು. ಓಟಗಳ ಸಂಖ್ಯೆ ಹೆಚ್ಚಿದಂತೆ ಸರಾಸರಿಯ ತೂಗಾಟ ಅದರ ವರ್ಗಮೂಲದಂತೆ ಇಳಿಯುತ್ತದೆ. ನೂರು ಪಟ್ಟು ಓಡಿಸಿದರೆ ತೂಗಾಟ ಹತ್ತನೇ ಒಂದು ಭಾಗ. ಎಷ್ಟು ಓಟ ಆರಿಹೋದವು?

ಚುಕ್ಕಿ_ಓಟ
300ರಲ್ಲಿ 96.

ಹಳೇ_ಮೇಷ್ಟ್ರು
ಅದೂ ಜಾಸ್ತಿಯೇ. ಎರಡೂ ಒಂದೇ ಕಡೆ ಬೆರಳು ತೋರಿಸುತ್ತಿವೆ. ನಿಮ್ಮ ರೋಗಿಗಳು ಅಂಟಿಸಬೇಕಾದಷ್ಟು ಅಂಟಿಸುತ್ತಿಲ್ಲ. ದಿನದ ಒಳಗೆ ಯಾವ ಕೆಲಸ ಮೊದಲು? ಅಂಟಿಸೋದಾ, ಗುಣವಾಗೋದಾ?

ಚುಕ್ಕಿ_ಓಟ
ಅಯ್ಯೋ. ಗುಣವಾಗೋದು ಮೊದಲು!! ನಿನ್ನೆ ರೋಗ ಬಂದವನು ಇವತ್ತು ಬೆಳಿಗ್ಗೆ ಯಾರನ್ನೂ ಮುಟ್ಟುವ ಮೊದಲೇ ಹತ್ತರಲ್ಲಿ ಒಂದು ಸಂಭವದಲ್ಲಿ ಗುಣವಾಗಿಬಿಡ್ತಾನೆ. ಅಂದರೆ ಒಬ್ಬೊಬ್ಬನೂ ಸರಾಸರಿ 10 ದಿನದ ಬದಲು 9 ದಿನ ಅಂಟಿಸ್ತಾನೆ. ಆರ್-ನಾಟ್ 4 ಅಲ್ಲ, 3.6!

ಎರಡು ಸಾಲು ಮೇಲೆ ಕೆಳಗೆ ಮಾಡಿದೆ, ಅಷ್ಟೇ. ಈಗ 98.0. ಆರಿದ್ದು 300ರಲ್ಲಿ 65. ಆರು ತಿಂಗಳಿಂದ ಈ ಎರಡು ಸಾಲನ್ನು ದಿನಾ ನೋಡಿದ್ದೇನೆ.

ಸೇತುವೆಯವಳು
ಈ ಮೆಸೇಜನ್ನು ಹಾಗೇ ರಿಪೋರ್ಟಿಗೆ ಹಾಕಿ. ಮುಚ್ಚಿಡಬೇಡಿ.

ಫೆಮ್ಟೋ
ಇನ್ನೊಂದು. ರ‍್ಯಾಂಡಮ್ ಸೀಡ್, ಅಂದರೆ ರ‍್ಯಾಂಡಮ್ ಸಂಖ್ಯೆಗಳ ಸಾಲು ಶುರುವಾಗುವ ಅಂಕಿ, ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ನಾಳೆ ಅದೇ ಓಟ ಮತ್ತೆ ಸಿಗುವುದಿಲ್ಲ. ರ‍್ಯಾಂಡಮ್ ಸಂಖ್ಯೆ ಕೊಡುವ ಫಂಕ್ಷನ್ ಕೂಡ ಹಳೆಯದು ಬೇಡ. ಹಿಂದೆ ರ‍್ಯಾಂಡು ಅಂತ ಒಂದಿತ್ತು, ಎಲ್ಲರೂ ಬಳಸುತ್ತಿದ್ದರು. ಅದರ ಸಂಖ್ಯೆಗಳನ್ನು ಮೂರು ಮೂರಾಗಿ ತೆಗೆದು ಬಿಂದುಗಳಾಗಿ ಹಾಕಿದರೆ ಎಲ್ಲವೂ ಕೇವಲ 15 ಸಮತಲಗಳ ಮೇಲೆ ಸಾಲಾಗಿ ಕೂರುತ್ತವೆ. ರ‍್ಯಾಂಡಮ್ ಅಂತೆ!

ಸಾಲಿನಲ್ಲಿ_ನಿಂತವ
@ಚುಕ್ಕಿ_ಓಟ ಈಗ ಚುಕ್ಕಿಗಳನ್ನು ಮತ್ತೆ ಓಡಿಸಿದರೆ? 98ಕ್ಕಿಂತ ಕಡಿಮೆ ಬಂದದ್ದೆಲ್ಲ ನಿಜವಾಗಿ ಓಡಾಟದ್ದೇ ಅಂತ ಈಗ ಧೈರ್ಯವಾಗಿ ಹೇಳಬಹುದು. ನಿಮ್ಮ ಪ್ರಾಜೆಕ್ಟ್ ಇಲ್ಲಿಂದ ಶುರು ಅನ್ನಿಸುತ್ತಿದೆ ನನಗೆ.

ಚುಕ್ಕಿ_ಓಟ
ನಾಲ್ಕು ದಿನ ಬಿಟ್ಟು ಬರುತ್ತಿದ್ದೇನೆ. ಚುಕ್ಕಿಯ ವೇಗ ಬದಲಿಸುತ್ತಾ ಓಡಿಸಿದೆ, ಪ್ರತಿ ವೇಗಕ್ಕೂ 300 ಓಟ. ವೇಗ ಜಾಸ್ತಿ ಇದ್ದರೆ 98ಕ್ಕೇ ಅಂಟಿಕೊಳ್ಳುತ್ತದೆ. ನನ್ನ ಹಳೆಯ ವೇಗದಲ್ಲಿ 93. ಅದರ ಹತ್ತನೇ ಒಂದು ಭಾಗಕ್ಕೆ ಇಳಿಸಿದರೆ ಓಟದಿಂದ ಓಟಕ್ಕೆ ಭಾರೀ ವ್ಯತ್ಯಾಸ. ಕೆಲವು 40, ಕೆಲವು 80. ಅಲ್ಲಿ ಸರಾಸರಿ ಹೇಳುವುದಿಲ್ಲ ಅಂತ ತೀರ್ಮಾನ ಮಾಡಿದ್ದೇನೆ, ಹಿಸ್ಟೋಗ್ರಾಮೇ ಹಾಕುತ್ತೇನೆ. ಗೈಡ್‌ಗೆ ತೋರಿಸಿದೆ. ಅನಿಮೇಶನ್ ತೆಗೆದು ಈ ಗ್ರಾಫನ್ನು ಮೊದಲ ಪುಟಕ್ಕೆ ಹಾಕು ಅಂದರು. ಅನಿಮೇಶನ್ ತೆಗೆಯಲು ಮನಸ್ಸು ಬರುತ್ತಿಲ್ಲ, ಮೂರು ವಾರದ ಕೆಲಸ ಅದು.

ಒಂದು ಅನುಮಾನ ಉಳಿದಿದೆ. ನಿಧಾನ ಓಟದಲ್ಲಿ ರೋಗ ಬರದೆ ತಪ್ಪಿಸಿಕೊಂಡ ಚುಕ್ಕಿಗಳು ಎಲ್ಲಿದ್ದವು ಅಂತ ಗುರುತು ಹಾಕಿ ನೋಡಿದೆ. ತುಂಬಾ ಜನ ಗೋಡೆಯ ಪಕ್ಕದಲ್ಲೇ ಇದ್ದಾರೆ. ಇದು ರೋಗದ ಗುಣವಾ, ನನ್ನ ಚೌಕದ ಗುಣವಾ?

ಟ್ರಾಫಿಕ್_ತಲೆನೋವು
ಗೋಡೆಯ ಪಕ್ಕದ ಚುಕ್ಕಿಗೆ ಅರ್ಧ ಕಡೆ ನೆರೆಯವರೇ ಇಲ್ಲವಲ್ಲ. ಗೋಡೆ ಕಿತ್ತುಹಾಕಿ. ಬಲಗಡೆಯಿಂದ ಹೊರಗೆ ಹೋದ ಚುಕ್ಕಿ ಎಡಗಡೆಯಿಂದ ಒಳಗೆ ಬರಲಿ, ಮೇಲೆ ಹೋದದ್ದು ಕೆಳಗಿನಿಂದ. ನಾನು ರಸ್ತೆಯನ್ನು ಬಳೆ ಮಾಡಿದ್ದೂ ಅದಕ್ಕೇ.

ಹಳೇ_ಮೇಷ್ಟ್ರು
ಹೌದು. ದೂರ ಅಳೆಯುವಾಗಲೂ ಅದೇ ಸುತ್ತು ಲೆಕ್ಕ ಹಾಕಿ, ಬಹಳ ಜನ ಅದನ್ನು ಮರೆಯುತ್ತಾರೆ. ಬಲ ಅಂಚಿನವನಿಗೆ ಎಡ ಅಂಚಿನವನು ಪಕ್ಕದವನೇ. ಮೊದಲು ಎಸೆಯುವ ಪರೀಕ್ಷೆ ಇನ್ನೊಮ್ಮೆ ಮಾಡಿ, 98 ಬಂದರೆ ಮಾತ್ರ ಮುಂದಕ್ಕೆ ಹೋಗಿ.

ಚುಕ್ಕಿ_ಓಟ
ಸರಿ ಮೇಷ್ಟ್ರೇ. ಗೋಡೆ ತೆಗೆದೆ. ಎಸೆಯುವ ಪರೀಕ್ಷೆಯಲ್ಲಿ 98.1 ಬಂತು. ನಿಧಾನದ ಓಟ ಈಗ ಹಾಕಿದ್ದೇನೆ, ರಾತ್ರಿಯೆಲ್ಲ ಓಡುತ್ತದೆ. ಬೆಳಿಗ್ಗೆ ಗ್ರಾಫ್ ಹಾಕ್ತೀನಿ.